ಸೂಜಿಯಿಂದ ಏನನ್ನು ನಿರೀಕ್ಷಿಸಬೇಕು?

ಎರಡು ವರ್ಷ ಕಾಡಿದ ಸೊಂಟನೋವಿಗೆ ಮಾತ್ರೆ, ಮುಲಾಮು, ವ್ಯಾಯಾಮಗಳೆಲ್ಲ ಆದ ಮೇಲೆ ನಾನು ಅಕ್ಯುಪಂಕ್ಚರ್ ಚಿಕಿತ್ಸೆಗೆ ಹೋದೆ. ಕೂದಲೆಳೆಯಂಥ ಸೂಜಿಗಳು, ಚುಚ್ಚಿದಾಗ ಇರುವೆ ಕಚ್ಚಿದಷ್ಟು ನೋವು, ಬಳಿಕ ಆ ಜಾಗದಲ್ಲಿ ಜೋಮು ಹಿಡಿದಂಥ ಭಾರ. ಅರ್ಧ ಗಂಟೆ ಅಲುಗಾಡದೆ ಮಲಗಿರಬೇಕು. ವಾರಕ್ಕೆ ಎರಡರಂತೆ ಹತ್ತು ಸಲ ಹೋದೆ. ನೋವು ಪೂರ್ತಿ ಹೋಗಲಿಲ್ಲ. ಆದರೆ ಕುಳಿತು ಏಳುವುದು ಸುಲಭವಾಯಿತು, ರಾತ್ರಿ ನಿದ್ರೆ ಬಂತು. ನನಗೆ ಅದು ಸಣ್ಣ ಲಾಭವಾಗಿರಲಿಲ್ಲ.

ಕಂಡವರಿಗೆಲ್ಲ ಅದನ್ನೇ ಹೇಳಿದೆ. ನನ್ನ ಮಾತು ಕೇಳಿ ಅಕ್ಕ ಮಂಡಿನೋವಿಗೆಂದು ತನ್ನೂರಿನ ಚಿಕಿತ್ಸಕರೊಬ್ಬರ ಬಳಿ ಹೋದಳು. ಮಂಡಿಯಷ್ಟೇ ಅಲ್ಲ, ರಕ್ತದೊತ್ತಡವೂ ಸೂಜಿಯಿಂದಲೇ ಗುಣವಾಗುತ್ತದೆ, ಮಾತ್ರೆ ನಿಲ್ಲಿಸಿ ಎಂದರು ಅವರು. ಅಕ್ಕ ನಿಲ್ಲಿಸಿದಳು. ಮೂರನೆಯ ವಾರ ಪಾರ್ಶ್ವವಾಯು ತಗುಲಿ ಆಸ್ಪತ್ರೆ ಸೇರಿದಳು. ಈಗ ನಡೆದಾಡುತ್ತಾಳೆ; ಬಲಗೈ ಮಾತ್ರ ಇನ್ನೂ ಸ್ವಾಧೀನಕ್ಕೆ ಬಂದಿಲ್ಲ. ಸೂಜಿಗಿಂತ ಅಪಾಯಕಾರಿಯಾದುದು ಅದರ ಕುರಿತ ಉತ್ಪ್ರೇಕ್ಷೆ ಎಂಬುದನ್ನು ನಾನು ಕಲಿತದ್ದು ಹೀಗೆ.

ಈ ಉತ್ಪ್ರೇಕ್ಷೆ ಹಳೆಯದು. 1971ರಲ್ಲಿ ಅಮೆರಿಕದ ಪತ್ರಕರ್ತ ಜೇಮ್ಸ್ ರೆಸ್ಟನ್ ಬೀಜಿಂಗ್‌ನಲ್ಲಿ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಗೆ ಒಳಗಾದರು. ಶಸ್ತ್ರಚಿಕಿತ್ಸೆ ನಡೆದದ್ದು ಮಾಮೂಲಿನ ಅರಿವಳಿಕೆ ಮದ್ದಿನಿಂದ. ಸೂಜಿ ಬಳಸಿದ್ದು ಅನಂತರದ ಹೊಟ್ಟೆಯ ಸಂಕಟಕ್ಕೆ. ಅವರು ಬರೆದದ್ದೂ ಅಷ್ಟನ್ನೇ. ಆದರೂ ಸೂಜಿಯ ಬಲದಿಂದಲೇ ಹೊಟ್ಟೆ ಕೊಯ್ದರೆಂಬ ಕಥೆ ಲೋಕವೆಲ್ಲ ಹಬ್ಬಿತು.

ಹಾಗಾದರೆ ವಾಸ್ತವವೇನು? ಬಹುಕಾಲದ ಸೊಂಟನೋವಿನ 1,162 ರೋಗಿಗಳ ಮೇಲೆ ಜರ್ಮನಿಯಲ್ಲಿ ನಡೆದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಆರು ತಿಂಗಳ ಬಳಿಕ, ಶಾಸ್ತ್ರೋಕ್ತ ಬಿಂದುಗಳಲ್ಲಿ ಸೂಜಿ ಚುಚ್ಚಿಸಿಕೊಂಡವರಲ್ಲಿ ಶೇ 47.6ರಷ್ಟು ಮಂದಿ ಸುಧಾರಣೆ ಕಂಡಿದ್ದರು. ಔಷಧ, ವ್ಯಾಯಾಮಗಳ ಸಾಮಾನ್ಯ ಚಿಕಿತ್ಸೆ ಪಡೆದವರಲ್ಲಿ ಈ ಪ್ರಮಾಣ ಶೇ 27.4. ಕುತೂಹಲದ ಸಂಗತಿಯೆಂದರೆ, ಆ ಬಿಂದುಗಳನ್ನು ಬಿಟ್ಟು ಬೇರೆಡೆ ಮೇಲುಮೇಲೆ ಚುಚ್ಚಿಸಿಕೊಂಡವರಲ್ಲೂ ಶೇ 44.2ರಷ್ಟು ಮಂದಿ ಸುಧಾರಿಸಿದ್ದರು. ಅಂದರೆ ಉಪಶಮನ ನಿಜ. ಆದರೆ ಅದರ ಬಹುಪಾಲು ನಿರ್ದಿಷ್ಟ ಬಿಂದುವಿನ ಮಹಿಮೆಯಲ್ಲ. ವಿಶ್ವಾಸ, ಆರೈಕೆ, ವಿಶ್ರಾಂತಿಗಳಿಗೂ ಅದರಲ್ಲಿ ಪಾಲಿದ್ದೀತು. ನೋವಿನಿಂದ ನರಳುವವನಿಗೆ ಇದೂ ಸಮಾಧಾನವೇ. ಆದರೆ ಸೊಂಟನೋವಿನ ಈ ಪುರಾವೆಯನ್ನು ರಕ್ತದೊತ್ತಡಕ್ಕೋ ಮಧುಮೇಹಕ್ಕೋ ಅನ್ವಯಿಸುವುದು ಸಾಧುವಲ್ಲ.

ಕೇಂದ್ರ ಸರ್ಕಾರ 2019ರಲ್ಲಿ ಅಕ್ಯುಪಂಕ್ಚರ್ ಅನ್ನು ಸ್ವತಂತ್ರ ಚಿಕಿತ್ಸಾ ವಿಧಾನವೆಂದು ಗುರುತಿಸಿತು. ಈ ಮನ್ನಣೆಯನ್ನು ಸರ್ವರೋಗ ನಿವಾರಣೆಯ ಪರವಾನಗಿಯೆಂದು ಯಾರೂ ಭಾವಿಸಬಾರದು. ಸೂಜಿಗೆ ಮೈಯೊಡ್ಡುವ ಮುನ್ನ ನೋವಿನ ಕಾರಣವನ್ನು ವೈದ್ಯರಿಂದ ಪತ್ತೆ ಮಾಡಿಸಿಕೊಳ್ಳಬೇಕು. ಒಮ್ಮೆ ಬಳಸಿ ಬಿಸಾಡುವ ಸೂಜಿಯ ಪೊಟ್ಟಣವನ್ನು ಕಣ್ಣೆದುರೇ ಒಡೆಯಬೇಕೆಂದು ಕೇಳಲು ಸಂಕೋಚ ಬೇಡ. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು, ಗರ್ಭಿಣಿಯರು ಅದನ್ನು ಮೊದಲೇ ತಿಳಿಸಬೇಕು. ಸಣ್ಣ ರಕ್ತಗೆಂಪು, ತಲೆಸುತ್ತು ಸಾಮಾನ್ಯ. ಎದೆಗೆ ಆಳವಾಗಿ ಚುಚ್ಚಿದರೆ ಶ್ವಾಸಕೋಶಕ್ಕೆ ಗಾಯವಾಗುವ ಅಪರೂಪದ ಅಪಾಯವೂ ಉಂಟು. ಏಳೆಂಟು ಸಲದಲ್ಲಿ ಗುಣ ಕಾಣದಿದ್ದರೆ ಅಲ್ಲಿಗೇ ನಿಲ್ಲಿಸುವುದು ವಿವೇಕ.

ಈಗಲೂ ಯಾರಾದರೂ ಸೊಂಟನೋವೆಂದರೆ, ಹೋಗಿ ನೋಡಿ ಎನ್ನುತ್ತೇನೆ. ಜೊತೆಗೆ, ಅಂದು ಅಕ್ಕನಿಗೆ ಹೇಳದೆ ಉಳಿಸಿದ್ದ ಮಾತನ್ನೂ ಸೇರಿಸುತ್ತೇನೆ: ನಿಮ್ಮ ವೈದ್ಯರನ್ನು ಕೇಳದೆ ಒಂದು ಮಾತ್ರೆಯನ್ನೂ ಬಿಡಬೇಡಿ.