ದೇವರುಗಳು ಅಮೆರಿಕಕ್ಕೆ ಹೋದ ದಾರಿ

ಅಮೆರಿಕದ ಲೇಖಕ ರಿಕ್ ರಿಯೊರ್ಡನ್ ಅವರ 'ದಿ ಲೈಟ್ನಿಂಗ್ ಥೀಫ್' ಕಾದಂಬರಿ ಪ್ರಕಟವಾದದ್ದು 2005ರಲ್ಲಿ. ಗ್ರೀಕ್ ದೇವರೊಬ್ಬನ ಮಗನಾದ ಪರ್ಸಿ ಜಾಕ್ಸನ್ ಎಂಬ 12 ವರ್ಷದ ಹುಡುಗನ ಸಾಹಸದ ಕತೆ ಅದು. ಓದಲು ತಿಣುಕುವ, ಒಂದು ಕಡೆ ನೆಟ್ಟಗೆ ಕೂರಲಾಗದ ಹುಡುಗ ಅವನು. ಅಂಥದೇ ತೊಂದರೆಯಿದ್ದ ತಮ್ಮ ಮಗನಿಗೆ ಮಲಗುವ ಹೊತ್ತಿನಲ್ಲಿ ಹೇಳಿದ ಕತೆಯನ್ನೇ ಲೇಖಕರು ಬೆಳೆಸಿ ಕಾದಂಬರಿ ಮಾಡಿದರು. ಶಾಲೆಯಲ್ಲಿ ದಡ್ಡನೆನಿಸಿಕೊಂಡ ಮಗುವನ್ನು ನಾಯಕನನ್ನಾಗಿ ಮಾಡಿದ ಈ ಪುಸ್ತಕದ ಬಗ್ಗೆ ನಮಗೆ ಗೌರವವಿದೆ. ನಮ್ಮ ನಗರಗಳ ಇಂಗ್ಲಿಷ್ ಮಾಧ್ಯಮದ ಮಕ್ಕಳೂ ಅದನ್ನು ಓದುತ್ತಾರೆ. ಓದಲಿ. ಆದರೆ ಅದರೊಳಗಿನ ಒಂದು ಭೂಪಟದ ಬಗ್ಗೆ ನಮ್ಮ ತಕರಾರಿದೆ.

ಕಾದಂಬರಿಯ ಪ್ರಕಾರ ಒಲಿಂಪಸ್ ಈಗ ಗ್ರೀಸಿನಲ್ಲಿಲ್ಲ. ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡದ 600ನೇ ಅಂತಸ್ತಿನಲ್ಲಿದೆ. ಪಾಶ್ಚಾತ್ಯ ನಾಗರಿಕತೆಯ ಜ್ಯೋತಿ ಎಲ್ಲಿ ಪ್ರಖರವಾಗಿ ಉರಿಯುತ್ತದೆಯೋ ಅಲ್ಲಿಗೆ ದೇವರುಗಳು ಗಂಟುಮೂಟೆ ಕಟ್ಟುತ್ತಾರಂತೆ. ಗ್ರೀಸ್, ರೋಮ್, ಆಮೇಲೆ ಜರ್ಮನಿ, ಫ್ರಾನ್ಸ್, ಸ್ಪೇನ್, ಇಂಗ್ಲೆಂಡ್, ಕೊನೆಗೆ ಅಮೆರಿಕ. ಎಂಥ ಅಚ್ಚುಕಟ್ಟಾದ ಮೆರವಣಿಗೆ! ಈ ದಾರಿಯಲ್ಲಿ ಬಾಗ್ದಾದ್ ಇಲ್ಲ. ಸಾವಿರ ವರ್ಷ ಗ್ರೀಕ್ ಗ್ರಂಥಗಳನ್ನು ಕಾಪಾಡಿದ ಕಾನ್‌ಸ್ಟಾಂಟಿನೋಪಲ್ ಕೂಡ ಇಲ್ಲ. ಸ್ಪೇನ್ ಇದೆ, ಆದರೆ ಯಾವ ಸ್ಪೇನ್? ಅರಿಸ್ಟಾಟಲನಿಗೆ ಭಾಷ್ಯ ಬರೆದು ಯುರೋಪಿಗೆ ಅವನನ್ನು ಮತ್ತೆ ಪರಿಚಯಿಸಿದ ಇಬ್ನ್ ರುಶ್ದ್ ಅವರ ಕಾರ್ಡೋಬಾ ಇದ್ದ ಸ್ಪೇನ್ ತಾನೆ?

ಬಾಗ್ದಾದಿನವರು ಭಾಷಾಂತರಿಸಿದ್ದು ತತ್ವಶಾಸ್ತ್ರ, ವೈದ್ಯ, ಗಣಿತವನ್ನೇ ಹೊರತು ಝ್ಯೂಸನ ಕತೆಗಳನ್ನಲ್ಲ ಎಂದು ಯಾರಾದರೂ ಹೇಳಬಹುದು. ಒಪ್ಪುತ್ತೇವೆ. ಆದರೆ ಕಾದಂಬರಿ ಮಾತಾಡುವುದು ಕತೆಗಳ ಬಗ್ಗೆಯಷ್ಟೇ ಅಲ್ಲ, ನಾಗರಿಕತೆಯ ಜ್ಯೋತಿಯ ಬಗ್ಗೆ. 9ನೇ ಶತಮಾನದಲ್ಲಿ ಗ್ಯಾಲೆನನ ವೈದ್ಯಗ್ರಂಥಗಳನ್ನು ಸಿರಿಯಾಕ್ ಮತ್ತು ಅರಬಿಗೆ ತಂದ ಹುನೈನ್ ಇಬ್ನ್ ಇಸ್‌ಹಾಕ್ ಕ್ರೈಸ್ತರಾಗಿದ್ದರು. ಅವರನ್ನು ಪೋಷಿಸಿದ್ದು ಅಬ್ಬಾಸಿ ಖಲೀಫರ ಆಳ್ವಿಕೆ. 12ನೇ ಶತಮಾನದಲ್ಲಿ ಟೊಲೆಡೋಗೆ ಬಂದ ಇಟಲಿಯ ವಿದ್ವಾಂಸ ಜೆರಾರ್ಡ್, ಟಾಲೆಮಿಯ ಖಗೋಳಗ್ರಂಥವನ್ನು ಲ್ಯಾಟಿನ್‌ಗೆ ತಂದದ್ದು ಅರಬಿಯಿಂದ. ಜ್ಯೋತಿ ಈ ಕೈಗಳನ್ನು ದಾಟಿಯೇ ಪ್ಯಾರಿಸ್ ತಲುಪಿತು. ಹತ್ತು ವರ್ಷದ ಮಗುವಿನ ಮನಸ್ಸಿನಲ್ಲಿ ಈ ಕೈಗಳೇ ಇಲ್ಲದ ಭೂಪಟ ಅಚ್ಚಾದರೆ, ದೊಡ್ಡವನಾದ ಮೇಲೆ ಅವನಿಗೆ ಬಾಗ್ದಾದ್ ಎಂದರೆ ಬಾಂಬು ಬಿದ್ದ ಊರು ಮಾತ್ರ.

ಕತೆಗಳು ಗಡಿ ದಾಟುವುದಕ್ಕೆ ನಮ್ಮ ವಿರೋಧವಿಲ್ಲ. ದಾಟದ ಕತೆ ಕತೆಯೇ ಅಲ್ಲ. ನಮ್ಮ ಪಂಚತಂತ್ರವನ್ನೇ ನೋಡಿ. 6ನೇ ಶತಮಾನದಲ್ಲಿ ಅದು ಪರ್ಶಿಯಾದ ಪಹ್ಲವಿ ಭಾಷೆಗೆ ಹೋಯಿತು. 8ನೇ ಶತಮಾನದಲ್ಲಿ ಇಬ್ನುಲ್ ಮುಕಫ್ಫಾ ಅದನ್ನು 'ಕಲೀಲ ವ ದಿಮ್ನ'ವಾಗಿ ಅರಬಿಗೆ ತಂದರು. ಅಲ್ಲಿಂದ ಹೀಬ್ರೂ, ಸ್ಪ್ಯಾನಿಷ್, ಲ್ಯಾಟಿನ್. ಫ್ರಾನ್ಸಿನ ಲಾ ಫಾಂಟೇನ್ 1678ರಲ್ಲಿ ತನ್ನ ಎರಡನೇ ನೀತಿಕತಾ ಸಂಕಲನ ಪ್ರಕಟಿಸಿದಾಗ, ಭಾರತದ ಜ್ಞಾನಿ ಪಿಲ್ಪೇಗೆ ತಾನು ಋಣಿ ಎಂದು ಬರೆದುಕೊಂಡ. ಕನ್ನಡದಲ್ಲಿ 11ನೇ ಶತಮಾನದಲ್ಲೇ ಪಂಚತಂತ್ರ ಬರೆದ ದುರ್ಗಸಿಂಹ, ಚಾಳುಕ್ಯ ಜಯಸಿಂಹನ ಸಂಧಿವಿಗ್ರಹಿ, ತನಗಿಂತ ಹಿಂದೆ ಹೇಳಿದ ವಸುಭಾಗನ ಹೆಸರನ್ನು ಮರೆಯಲಿಲ್ಲ. ಸಾಲ ಪಡೆಯುವುದು ತಪ್ಪಲ್ಲ. ಸಾಲ ಕೊಟ್ಟವನ ಹೆಸರನ್ನು ಅಳಿಸುವುದು ತಪ್ಪು.

ಅಳಿಸಿದ ಉದಾಹರಣೆಯೂ ನಮ್ಮ ಮುಂದಿದೆ. ಅಲ್ಲಾದೀನನ ಕತೆಯನ್ನು 1709ರಲ್ಲಿ ಪ್ಯಾರಿಸ್ಸಿನಲ್ಲಿ ಆಂತ್ವಾನ್ ಗಾಲಾಂಗೆ ಹೇಳಿದವನು ಅಲೆಪ್ಪೊ ನಗರದ ಹನ್ನಾ ದಿಯಾಬ್ ಎಂಬ ಮರೋನೈಟ್ ಕ್ರೈಸ್ತ ಯುವಕ. ಗಾಲಾಂನ ದಿನಚರಿಯಲ್ಲಿ ಅವನ ಹೆಸರಿದೆ, ಅಚ್ಚಾದ ಪುಸ್ತಕದಲ್ಲಿಲ್ಲ. ಮುಂದೆ ಡಿಸ್ನಿ ಕಂಪನಿ 1992ರಲ್ಲಿ ಅದೇ ಕತೆಯನ್ನು ಕಾರ್ಟೂನು ಮಾಡಿದಾಗ ಆರಂಭದ ಹಾಡಿನಲ್ಲೇ ಅರಬರನ್ನು ಕಿವಿ ಕತ್ತರಿಸುವ ಬರ್ಬರರೆಂದು ಚಿತ್ರಿಸಲಾಯಿತು. ಅರಬ್ ಅಮೆರಿಕನ್ನರು ಪ್ರತಿಭಟಿಸಿದ ಮೇಲೆ, 1993ರ ವಿಡಿಯೊ ಆವೃತ್ತಿಯಲ್ಲಿ ಆ ಸಾಲು ಬದಲಾಯಿತು. ಕತೆ ಅವರಿಂದಲೇ ಬಂದದ್ದು, ಬೈಗುಳವೂ ಅವರಿಗೇ!

ಇನ್ನೊಂದು ಮಾತು. ಝ್ಯೂಸನ ಮುಂದೆ ಇಂದು ಕೈಮುಗಿಯುವವರು ಬೆರಳೆಣಿಕೆಯಷ್ಟು. ಅವನನ್ನು ಲಿಫ್ಟಿನಲ್ಲಿ ಹತ್ತಿಸಿದರೂ ಹೆಚ್ಚಿನವರಿಗೆ ನೋವಾಗದು. ಆದರೆ ಎಲ್ಲ ಪುರಾಣಗಳೂ ಹಾಗಲ್ಲ. ಹ್ಯಾರಿ ಪಾಟರ್ ಖ್ಯಾತಿಯ ರೌಲಿಂಗ್ 2016ರಲ್ಲಿ ಅಮೆರಿಕದ ಮೂಲನಿವಾಸಿ ನವಾಹೊ ಜನರ ನಂಬಿಕೆಯೊಂದನ್ನು ತಮ್ಮ ಮಾಯಾಲೋಕಕ್ಕೆ ಎಳೆದುಕೊಂಡಾಗ ಮೂಲನಿವಾಸಿ ವಿದ್ವಾಂಸರು ತೀವ್ರವಾಗಿ ಆಕ್ಷೇಪಿಸಿದರು. ಬದುಕಿರುವ ಜನರ ಬದುಕಿರುವ ನಂಬಿಕೆ ಕತೆಗಾರನ ಗೋದಾಮಲ್ಲ. ಜಿನ್ನ್ ನಮಗೆ ಬಾಟಲಿಯ ಹೊಗೆಯಷ್ಟೇ ಅಲ್ಲ. ಕುರ್‌ಆನಿನ 72ನೇ ಅಧ್ಯಾಯದ ಹೆಸರೇ 'ಅಲ್ ಜಿನ್ನ್'. ಹಾಗೆಂದು ಜಿನ್ನ್ ಕತೆಯೇ ಬೇಡ, ಪುಸ್ತಕ ನಿಷೇಧಿಸಿ ಎಂದು ಕೂಗುವವರ ಸಾಲಿನಲ್ಲಿ ನಾವಿಲ್ಲ. ಸಾವಿರದ ಒಂದು ರಾತ್ರಿಗಳನ್ನು ಹೇಳಿ ಕೇಳಿ ಬೆಳೆಸಿದವರಲ್ಲಿ ಮುಸ್ಲಿಮರೂ ಇದ್ದರು. ಅವರ ಈಮಾನ್ ಅದರಿಂದ ಕರಗಲಿಲ್ಲ. ಬ್ರಿಟನ್ನಿನ ಜೊನಾಥನ್ ಸ್ಟ್ರೌಡ್ 2003ರಲ್ಲಿ ಆರಂಭಿಸಿದ 'ಬಾರ್ಟಿಮಿಯಸ್' ಸರಣಿಯಲ್ಲಿ ಲಂಡನ್ನಿನ ಮಾಂತ್ರಿಕ ಆಳರಸರು ಜಿನ್ನ್‌ಗಳನ್ನು ಗುಲಾಮರಾಗಿ ದುಡಿಸುತ್ತಾರೆ. ಕತೆ ಹೇಳುವವನು ಅಂಥ ಒಬ್ಬ ಗುಲಾಮ ಜಿನ್ನ್. ಸಾಮ್ರಾಜ್ಯವನ್ನು ಗುಲಾಮನ ಕಣ್ಣಿನಿಂದ ತೋರಿಸುವ ಇಂಥ ಕತೆಯನ್ನು ನಾವೇಕೆ ದೂಡಬೇಕು?

ಬದಲಾವಣೆ ಬಂದಿಲ್ಲವೆಂದಲ್ಲ. ಪರರ ಪುರಾಣಗಳನ್ನು ತಾವೇ ಬರೆಯುವ ಬದಲು ಆಯಾ ಪರಂಪರೆಯವರೇ ಬರೆಯಲಿ ಎಂದು ರಿಯೊರ್ಡನ್ ತಮ್ಮ ಹೆಸರಿನ ಪ್ರಕಾಶನ ಮಾಲೆಯೊಂದನ್ನು ತೆರೆದರು. 2018ರಲ್ಲಿ ಅದರ ಮೊದಲ ಪುಸ್ತಕವಾಗಿ ರೋಶನಿ ಚೋಕ್ಷಿ ಅವರ, ಮಹಾಭಾರತದ ಎಳೆ ಹಿಡಿದ 'ಅರು ಶಾ' ಬಂತು. ಅದಕ್ಕೂ ಮುಂಚೆ, 2017ರಲ್ಲಿ, ಮುಸ್ಲಿಮ್ ಮಕ್ಕಳ ಕತೆಗಳಿಗೆಂದೇ ಹುಟ್ಟಿದ 'ಸಲಾಮ್ ರೀಡ್ಸ್' ಎಂಬ ಮಾಲೆಯಲ್ಲಿ ಕರುಣಾ ರಿಯಾಝಿ ಅವರ 'ದಿ ಗಾಂಟ್ಲೆಟ್' ಪ್ರಕಟವಾಯಿತು. ಅದರ ನಾಯಕಿ ಬಾಂಗ್ಲಾ ಮೂಲದ ಹಿಜಾಬ್ ತೊಟ್ಟ ಹುಡುಗಿ. ಸ್ವಾಗತಾರ್ಹ. ಆದರೂ ವ್ಯಾಸ ಭಾರತದ ಕತೆ ಅಮೆರಿಕದ ಅಂಗಡಿಯ ಮುಂದಿನ ಸಾಲಿಗೆ ಬರಬೇಕಾದರೆ ಮುಖಪುಟದ ಮೇಲೆ ಟೆಕ್ಸಾಸಿನ ಒಬ್ಬ ಮೇಷ್ಟರ ಹೆಸರು ಬೇಕಾಯಿತಲ್ಲ, ಅದನ್ನು ಗಮನಿಸದೆ ಚಪ್ಪಾಳೆ ತಟ್ಟುವುದು ಹೇಗೆ?

ಹೊರಗಿನವರನ್ನು ದೂರಿದಷ್ಟೇ ಖಾರವಾಗಿ ನಮ್ಮವರನ್ನೂ ಕೇಳಬೇಕಾಗಿದೆ. ಮರವಾಗಿ ಹೂ ಬಿಡುವ ಹುಡುಗಿಯ ಕತೆಯನ್ನು ಎ.ಕೆ. ರಾಮಾನುಜನ್ ಸಂಗ್ರಹಿಸಿದ್ದು ಕನ್ನಡದಲ್ಲಿ. ಅದನ್ನು ಗಿರೀಶ್ ಕಾರ್ನಾಡರು 'ಚೆಲುವಿ' ಎಂಬ ಹಿಂದಿ ಚಿತ್ರ ಮಾಡಿದರು. ಅಮೆರಿಕದ ಜಾನ್ ಆಡಮ್ಸ್ ಅದನ್ನೇ ಅಪೆರಾ ಮಾಡಿ 2006ರಲ್ಲಿ ವಿಯೆನ್ನಾದಲ್ಲಿ ಆಡಿಸಿದರು. ವಿಯೆನ್ನಾ ಮುಟ್ಟಿದ ಈ ಕತೆ ಹತ್ತು ವರ್ಷದ ನಮ್ಮ ಮಕ್ಕಳಲ್ಲಿ ಎಷ್ಟು ಮಂದಿಗೆ ಗೊತ್ತು? ತಿಂಗಳು ತಿಂಗಳೂ ಬೇತಾಳನನ್ನು ಮನೆಗೆ ತರುತ್ತಿದ್ದ 'ಚಂದಮಾಮ' ನಿಂತುಹೋಯಿತು. ಮಕ್ಕಳ ಪುಸ್ತಕವೆಂದರೆ ಇಪ್ಪತ್ತು ಪುಟದ ನೀತಿಕತೆ ಎಂದುಕೊಂಡಿರುವ ಪ್ರಕಾಶಕರು, ಮುನ್ನೂರು ಪುಟದ ಇಂಗ್ಲಿಷ್ ಕಾದಂಬರಿಯನ್ನು ಎರಡು ದಿನದಲ್ಲಿ ಮುಗಿಸುವ ಮಗುವನ್ನು ಒಮ್ಮೆ ಕಣ್ಣು ತೆರೆದು ನೋಡಲಿ. ತುಳುವಿನ ಪಾಡ್ದನ, ಮಂಟೇಸ್ವಾಮಿಯ ಕಾವ್ಯ, ಬ್ಯಾರಿ ಅಜ್ಜಿಯರ ಕತೆ, ಇವುಗಳ ಮೇಲೆ ಕಾದಂಬರಿ ಕಟ್ಟಬಲ್ಲ ಲೇಖಕರು ಕನ್ನಡದಲ್ಲಿಲ್ಲವೆ? ಇದ್ದಾರೆ. ಅವರು ಬರೆಯಲಿ. ಆದರೆ ಮೊದಲ ಪುಟದಲ್ಲಿ ಕತೆ ಹೇಳಿದ ಅಜ್ಜಿಯ ಹೆಸರಿರಲಿ, ಅವಳ ಊರಿನ ಹೆಸರಿರಲಿ. ಹನ್ನಾ ದಿಯಾಬನಿಗೆ ಆದದ್ದು ಅವಳಿಗೆ ಆಗದಿರಲಿ.