ಸ್ವೆಟರ್ ಹೆಣೆಯುವ ಮೊದಲು ಮಣಿಕಟ್ಟನ್ನು ಕೇಳಿ

ಕಳೆದ ಮಳೆಗಾಲದಲ್ಲಿ ವರ್ತೂರಿನ ಗೃಹಿಣಿಯೊಬ್ಬರು ನನ್ನ ಬಳಿ ಬಂದಿದ್ದರು. ವಯಸ್ಸು 54. ಕೈಚೀಲದಿಂದ ಮೊದಲು ಹೊರತೆಗೆದದ್ದು ಹಳೆಯ ಮಹಿಳಾ ಪತ್ರಿಕೆಯೊಂದರಿಂದ ಕತ್ತರಿಸಿಟ್ಟ, ಮಡಿಕೆಗಳಲ್ಲಿ ಹರಿದು ಹಳದಿಗಟ್ಟಿದ್ದ ಒಂದು ಹಾಳೆ. ಮುಂದೆ ಗುಂಡಿಗಳಿರುವ, ಮೈತುಂಬ ಜಡೆ ಹೆಣೆದಂತಹ ವಿನ್ಯಾಸವಿರುವ ಉಣ್ಣೆಯ ಕಾರ್ಡಿಗನ್ನಿನ ಚಿತ್ರ ಅದರಲ್ಲಿತ್ತು. ಇಪ್ಪತ್ತೈದು ವರ್ಷಗಳಿಂದ ಇದನ್ನು ಹೆಣೆಯಬೇಕೆಂಬ ಆಸೆಯಂತೆ. ಮಕ್ಕಳಿಗೆ, ನಾದಿನಿಯ ಮಕ್ಕಳಿಗೆ, ಬೀದಿಯಲ್ಲಿ ಹುಟ್ಟಿದ ಕೂಸುಗಳಿಗೆಲ್ಲ ಟೋಪಿ, ಕಾಲುಚೀಲ, ಸ್ವೆಟರ್ ಹೆಣೆದು ಕೊಟ್ಟ ಕೈ ಅದು. ತನಗೆಂದು ಒಂದನ್ನೂ ಹೆಣೆದುಕೊಂಡಿರಲಿಲ್ಲ. ಈಗ ಮಗಳ ಮದುವೆ ಮುಗಿದಿದೆ, ಮಗ ಕೆಲಸಕ್ಕೆ ಸೇರಿದ್ದಾನೆ. ‘ಡಾಕ್ಟ್ರೇ, ಈ ಡಿಸೆಂಬರ್ ಚಳಿಗೆ ಇದನ್ನ ಹಾಕ್ಕೋಬೇಕು’ ಎಂದರು. ಆಮೇಲೆ ಬಲಗೈಯನ್ನು ಮೇಜಿನ ಮೇಲಿಟ್ಟು, ‘ಆದ್ರೆ ರಾತ್ರಿ ಎರಡು ಗಂಟೆಗೆ ಈ ಕೈ ನನ್ನದೇ ಅಲ್ಲ ಅನ್ನಿಸುತ್ತೆ’ ಎಂದರು.

ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಿಗೆ ಜೋಮು. ನಿದ್ದೆಯಿಂದ ಎಚ್ಚರವಾಗುತ್ತದೆ, ಎದ್ದು ಕೂತು ಕೈ ಕೊಡವಿದರೆ ಸ್ವಲ್ಪ ಹೊತ್ತಿನಲ್ಲಿ ಸರಿಹೋಗುತ್ತದೆ. ಕಿರುಬೆರಳಿಗೆ ಮಾತ್ರ ಏನೂ ಇಲ್ಲ. ಇದನ್ನು ಮೊದಲೇ ಒಬ್ಬ ವೈದ್ಯರಿಗೆ ತೋರಿಸಿದ್ದರಂತೆ. ‘ಹೆಣಿಗೆ ಬಿಟ್ಟುಬಿಡಿ’ ಎಂದು ಅವರು ಒಂದೇ ಮಾತಿನಲ್ಲಿ ಮುಗಿಸಿದ್ದರು. ಮನೆಯಲ್ಲಿ ಯಜಮಾನರದ್ದು ಇನ್ನೂ ಸುಲಭದ ಪರಿಹಾರ: ‘ಅಂಗಡೀಲಿ ಸಾವಿರ ರೂಪಾಯಿಗೆ ಸಿಗುತ್ತಲ್ಲ!’

ಈ ಎರಡೂ ಸಲಹೆಗಳ ಬಗ್ಗೆ ನನಗೆ ತಕರಾರಿದೆ. ಅವರ ಇಡೀ ದಿನದ ಕೆಲಸವನ್ನು ವಿವರವಾಗಿ ಕೇಳಿದೆ. ಎರಡು ಹೊತ್ತೂ ಐದು ಜನಕ್ಕೆ ರಾಗಿ ಮುದ್ದೆ. ಪಾತ್ರೆಯನ್ನು ಕಾಲಿನಿಂದಲೋ ಕವೆಗೋಲಿನಿಂದಲೋ ಅದುಮಿ ಹಿಡಿದು, ಮುದ್ದೆ ಕೋಲಿನಿಂದ ಬಿಸಿ ಹಿಟ್ಟನ್ನು ಗಂಟಿಲ್ಲದಂತೆ ತೊಳಸುವಾಗ ಮಣಿಕಟ್ಟಿನ ಮೇಲೆ ಬೀಳುವ ಒತ್ತಡ ಎಷ್ಟೆಂಬುದು ತೊಳಸಿದವರಿಗೆ ಮಾತ್ರ ಗೊತ್ತು. ಬಟ್ಟೆ ಒಗೆಯುವ ಯಂತ್ರವಿದ್ದರೂ ಹೊದಿಕೆ, ಬೆಡ್‌ಶೀಟುಗಳನ್ನು ಕೈಯಲ್ಲೇ ಒಗೆದು ಹಿಂಡುತ್ತಾರೆ. ಕಾಯಿ ತುರಿಯುವುದು, ಚಪಾತಿ ಹಿಟ್ಟು ನಾದುವುದು, ಎರಡು ಕೊಡ ನೀರು ಎತ್ತುವುದು ಬೇರೆ. ಇಷ್ಟೆಲ್ಲ ಆದ ಮೇಲೆ ಸಂಜೆ ಅರ್ಧ ಗಂಟೆ ಹೆಣಿಗೆ. ಇಷ್ಟು ಕೆಲಸಗಳಲ್ಲಿ ‘ಬಿಡಿ’ ಎಂದು ಅವರಿಗೆ ಹೇಳಿದ್ದು ಯಾವುದನ್ನು, ನೋಡಿದಿರಾ? ಅವರಿಗೆ ಖುಷಿ ಕೊಡುವ ಒಂದೇ ಒಂದನ್ನು. ಬೆಡ್‌ಶೀಟ್ ಹಿಂಡುವುದನ್ನು ಬಿಡಿ ಎಂದು ಯಾರೂ ಹೇಳಿರಲಿಲ್ಲ. ನಾನೂ ಎಷ್ಟೋ ಜನರಿಗೆ ಹೇಳಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು.

ಕೈಯೊಳಗೆ ನಡೆಯುವುದೇನು? ನಿಮ್ಮ ಅಂಗೈ ಮತ್ತು ಮುಂಗೈ ಸೇರುವಲ್ಲಿ ಮೂಳೆಗಳಿಂದಾದ ಒಂದು ಕಿರುದಾರಿಯಿದೆ. ಅದರ ಮೇಲೆ ಗಟ್ಟಿಯಾದ ಪಟ್ಟಿಯೊಂದು ಮುಚ್ಚಳದಂತೆ ಹರಡಿದೆ. ಬೆರಳುಗಳನ್ನು ಮಡಿಸುವ ಒಂಬತ್ತು ಸ್ನಾಯುರಜ್ಜುಗಳೂ ಮೀಡಿಯನ್ ಎಂಬ ಒಂದು ನರವೂ ಈ ಇಕ್ಕಟ್ಟಿನಲ್ಲೇ ಹಾದುಹೋಗಬೇಕು. ರಜ್ಜುಗಳ ಹೊದಿಕೆ ಸ್ವಲ್ಪ ಊದಿಕೊಂಡರೂ ನರ ನಲುಗುತ್ತದೆ. ಮಣಿಕಟ್ಟನ್ನು ಪೂರ್ತಿ ಒಳಕ್ಕೋ ಹೊರಕ್ಕೋ ಬಗ್ಗಿಸಿದಾಗ ಒಳಗಿನ ಒತ್ತಡ ಏರುತ್ತದೆ. ನಿದ್ದೆಯಲ್ಲಿ ನಾವು ಅರಿವಿಲ್ಲದೆ ಕೈ ಮುದುರಿಕೊಳ್ಳುತ್ತೇವೆ. ಜೋಮು ರಾತ್ರಿಯೇ ಹೆಚ್ಚಾಗುವುದಕ್ಕೆ ಇದೊಂದು ಕಾರಣ. ಕಿರುಬೆರಳಿಗೆ ಹೋಗುವ ನರ ಬೇರೆಯಾದ್ದರಿಂದ ಅದು ಪಾರು. ಕಾರ್ಪಲ್ ಟನಲ್ ಸಿಂಡ್ರೋಮ್ ಎಂದು ಇದರ ಹೆಸರು. ನಡುವಯಸ್ಸಿನ ಹೆಂಗಸರಲ್ಲಿ ಇದು ಹೆಚ್ಚು. ಬಸಿರಿನಲ್ಲಿ ಬಂದು ಹೆರಿಗೆಯ ನಂತರ ತಾನೇ ಹೋಗುವುದೂ ಉಂಟು. ಮಧುಮೇಹ, ಸಂಧಿವಾತ, ಬೊಜ್ಜು, ಥೈರಾಯ್ಡ್ ಕೊರತೆ, ಇವು ಇದರ ಜೊತೆಗಾರರು.

ಈ ಕಾರಣಕ್ಕೇ ಈ ಮಹಿಳೆಗೆ ರಕ್ತಪರೀಕ್ಷೆ ಮಾಡಿಸಿದೆ. ಸಕ್ಕರೆ ಸರಿಯಿತ್ತು. ಥೈರಾಯ್ಡ್ ಗ್ರಂಥಿ ಮಾತ್ರ ಸಾಕಷ್ಟು ಕೆಲಸ ಮಾಡುತ್ತಿರಲಿಲ್ಲ. ವರ್ಷದಿಂದ ಕಾಡುತ್ತಿದ್ದ ಆಯಾಸ, ಮಲಬದ್ಧತೆ, ಎಲ್ಲರಿಗಿಂತ ಮೊದಲು ತಮಗೇ ಚಳಿಯಾಗುವುದು, ಇವನ್ನೆಲ್ಲ ಅವರು ವಯಸ್ಸಿನ ಲೆಕ್ಕಕ್ಕೆ ಬರೆದುಕೊಂಡಿದ್ದರು. ಹೆಣಿಗೆ ಬಿಟ್ಟು ಸುಮ್ಮನೆ ಕೂತಿದ್ದರೆ ಈ ಕಾಯಿಲೆ ಇನ್ನೆಷ್ಟು ದಿನ ಅಡಗಿಕೊಂಡಿರುತ್ತಿತ್ತೋ!

ಹಾಗಾದರೆ ಹೆಣಿಗೆ ಸಂಪೂರ್ಣ ನಿರಪರಾಧಿಯೇ? ಅಲ್ಲ. ಬಲ ಹಾಕಿ, ಮಣಿಕಟ್ಟು ಬಗ್ಗಿಸಿ, ಒಂದೇ ಚಲನೆಯನ್ನು ಮತ್ತೆ ಮತ್ತೆ ಮಾಡುವ ಯಾವ ಕೆಲಸವೂ ಕೈಗೆ ಒಳ್ಳೆಯದಲ್ಲ. ಆದರೆ ಇಲ್ಲಿ ಮುಖ್ಯವಾದದ್ದು ಬಲ ಮತ್ತು ಅವಧಿ. ಇವೆರಡೂ ಹೆಣೆಯುವವರ ಕೈಯಲ್ಲೇ ಇವೆ. ಹೆಣಿಗೆಯಿಂದ ಸಿಗುವ ನೆಮ್ಮದಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. 2013ರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾದ ಸಮೀಕ್ಷೆಗೆ ಹಲವು ದೇಶಗಳ ಮೂರೂವರೆ ಸಾವಿರಕ್ಕೂ ಹೆಚ್ಚು ಹೆಣಿಗೆಗಾರರು ಉತ್ತರಿಸಿದ್ದರು. ಹೆಚ್ಚು ಸಲ ಹೆಣೆಯುವವರು ತಮಗೆ ಮನಸ್ಸು ಶಾಂತವಾಗಿ, ಸಂತೋಷವಾಗಿ ಇರುತ್ತದೆ ಎಂದಿದ್ದರು. ಹೆಣೆಯುವವರನ್ನೇ ಕೇಳಿದರೆ ಇನ್ನೇನು ಹೇಳಿಯಾರು ಎಂದು ನೀವು ನಗಬಹುದು. ನಗಿ. ಆದರೂ ಅವರ ಮಾತನ್ನು ಸುಳ್ಳೆನ್ನಲು ನನಗೆ ಕಾರಣ ಕಾಣುವುದಿಲ್ಲ.

ಈಗ ಆ ಕಾರ್ಡಿಗನ್ನಿಗೆ ಬರೋಣ. ಅಂಥದ್ದೊಂದನ್ನು ಹೆಣೆಯುವ ಯೋಜನೆ ನಿಮಗೂ ಇದ್ದರೆ ಉಲ್ಲನ್ ಕೊಳ್ಳುವ ಮೊದಲು ಒಂದು ಲೆಕ್ಕ ಹಾಕಿ. 8ನೇ ನಂಬರಿನ, ಎಂದರೆ 4 ಮಿಲಿಮೀಟರ್ ದಪ್ಪದ ಕಡ್ಡಿಯಲ್ಲಿ 10 ಸೆಂಟಿಮೀಟರ್ ಅಗಲಕ್ಕೆ ಸುಮಾರು 20 ಕುಣಿಕೆ, ಅಷ್ಟೇ ಎತ್ತರಕ್ಕೆ 26 ಸಾಲು ಬರುತ್ತದೆ. ಎದೆಸುತ್ತು 100 ಸೆಂಟಿಮೀಟರ್, ಉದ್ದ 60 ಸೆಂಟಿಮೀಟರ್ ಎಂದರೆ ಮೈಭಾಗಕ್ಕೇ 31 ಸಾವಿರ ಕುಣಿಕೆ. ಎರಡು ತೋಳಿಗೆ ಇನ್ನೊಂದು 15 ಸಾವಿರ. ಜಡೆ ವಿನ್ಯಾಸ ಬಟ್ಟೆಯನ್ನು ಒಳಕ್ಕೆ ಎಳೆಯುವುದರಿಂದ ಅದೇ ಅಗಲಕ್ಕೆ ಕುಣಿಕೆಯೂ ಹೆಚ್ಚು, ಉಲ್ಲನ್ನೂ ಹೆಚ್ಚು. ಒಟ್ಟು 50 ಸಾವಿರ ದಾಟುತ್ತದೆ. ನಿಮ್ಮ ಮಣಿಕಟ್ಟು ಅಷ್ಟು ಸಲ ತಿರುಗಬೇಕು. ನಿಮಿಷಕ್ಕೆ 20 ಕುಣಿಕೆ ಎಂದರೂ 42 ಗಂಟೆ. ಎಣಿಕೆ ತಪ್ಪಿ ಬಿಚ್ಚುವುದು, ತುಂಡುಗಳನ್ನು ಜೋಡಿಸುವುದು, ಗುಂಡಿಪಟ್ಟಿ ಎಲ್ಲ ಸೇರಿ 60 ಗಂಟೆ ಎನ್ನಿ. ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನ ಎಂದರೆ 24 ವಾರ! ಡಿಸೆಂಬರಿಗೆ ತೊಡಬೇಕಾದರೆ ಜೂನ್‌ನಲ್ಲಿ ಮೊದಲ ಸಾಲು ಬೀಳಬೇಕು. ದೀಪಾವಳಿ ಮುಗಿದ ಮೇಲೆ ಶುರುಮಾಡಿ, ದಿನಕ್ಕೆ ಮೂರು ಗಂಟೆ ಕೂತು ‘ಸಂಕ್ರಾಂತಿಗೆ ಮುಗಿಸ್ತೀನಿ’ ಎನ್ನುವವರೇ ನಮ್ಮಲ್ಲಿಗೆ ಕೈ ಹಿಡಿದುಕೊಂಡು ಬರುವುದು.

ಜಡೆಯ ತಿರುವು ಬೀಳುವುದು ಹೇಗೆಂದು ಹೆಣೆದವರಿಗೆ ಗೊತ್ತು. ಮೂರು ಕುಣಿಕೆಗಳನ್ನು ಇನ್ನೊಂದು ಚಿಕ್ಕ ಕಡ್ಡಿಗೆ ಎತ್ತಿಟ್ಟು, ಮುಂದಿನ ಮೂರನ್ನು ಮೊದಲು ಹೆಣೆದು, ಆಮೇಲೆ ಎತ್ತಿಟ್ಟವನ್ನು ಹೆಣೆಯಬೇಕು. ಆ ಸಾಲಿನಲ್ಲಿ ನೂಲು ಬಿಗಿಯುತ್ತದೆ, ಬಿಗಿದ ನೂಲಿಗೆ ಕೈಯೂ ಬಿಗಿಯುತ್ತದೆ. ಎಣಿಕೆ ತಪ್ಪೀತೆಂಬ ಭಯಕ್ಕೆ ಹೆಗಲು ಕಿವಿಯ ಹತ್ತಿರಕ್ಕೆ ಏರಿರುತ್ತದೆ, ಕತ್ತು ಬಗ್ಗಿರುತ್ತದೆ. ತಿರುವಿನ ಸಾಲು ಮುಗಿದ ಕೂಡಲೇ ಕಡ್ಡಿ ಕೆಳಗಿಟ್ಟು ಬೆರಳುಗಳನ್ನು ಪೂರ್ತಿ ಬಿಡಿಸಿ, ಹೆಗಲು ಇಳಿಬಿಡಿ. 20 ನಿಮಿಷಕ್ಕೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಿ. ಉದ್ದನೆಯ ಎರಡು ಕಡ್ಡಿಗಳ ಬದಲು ನಡುವೆ ಪ್ಲಾಸ್ಟಿಕ್ ತಂತಿಯಿರುವ ಕಡ್ಡಿ ಕೊಳ್ಳಿ. ಮುಕ್ಕಾಲು ಕಿಲೋ ತೂಗುವ ಹೆಣಿಗೆಯ ಭಾರವನ್ನು ಆಗ ಮಣಿಕಟ್ಟಿನ ಬದಲು ತೊಡೆ ಹೊರುತ್ತದೆ. ಮೊಣಕೈಗೆ ದಿಂಬಿನ ಆಸರೆ ಇರಲಿ. ನೆಲದ ಮೇಲೆ ಕೂರುವುದಾದರೆ ಬೆನ್ನು ಗೋಡೆಗಿರಲಿ.

ಇಂಥ ಜಡೆ ಸ್ವೆಟರುಗಳಿಗೆ ಹೆಸರಾದದ್ದು ಐರ್ಲೆಂಡಿನ ಪಶ್ಚಿಮಕ್ಕಿರುವ ಅರಾನ್ ದ್ವೀಪಗಳು. ಅಲ್ಲಿನದು ಅಟ್ಲಾಂಟಿಕ್ ಸಮುದ್ರದ ಗಾಳಿ. ನಮ್ಮದೋ ಬೆಂಗಳೂರಿನ ಚಳಿ. ಇಲ್ಲಿ ದಾಖಲಾಗಿರುವ ಅತಿ ಕಡಿಮೆ ಉಷ್ಣಾಂಶ 1884ರ ಜನವರಿ 13ರಂದು, 7.8 ಡಿಗ್ರಿ. ಸಾಮಾನ್ಯ ಜನವರಿಯಲ್ಲಿ ಮುಂಜಾನೆಯೂ 15 ಡಿಗ್ರಿಯ ಆಸುಪಾಸು. ವರ್ತೂರು ಕೆರೆಯ ಕಡೆಯಿಂದ ಬೆಳಗಿನ ಜಾವ ಬೀಸುವ ಗಾಳಿಗೆ ಸ್ವೆಟರ್ ಬೇಕು, ನಿಜ. ಆದರೆ ಹತ್ತು ಗಂಟೆಗೆ ಅದನ್ನು ಬಿಚ್ಚಿ ತೋಳಿಗೆ ಹಾಕಿಕೊಳ್ಳಬೇಕಾಗುತ್ತದೆ. ಆದ್ದರಿಂದ ಚಿತ್ರದಲ್ಲಿರುವ ದಪ್ಪ ನೂಲನ್ನೇ ಹಟ ಹಿಡಿಯಬೇಡಿ. ಮಧ್ಯಮ ದಪ್ಪದ, ಹಗುರಾದ ನೂಲು ಮೈಗೂ ಹಿತ, ಕೈಗೂ ಹಿತ. ನಮ್ಮ ಅಂಗಡಿಗಳಿಗೆ ಲೂಧಿಯಾನದಿಂದ ಬರುವ ಹೆಣಿಗೆ ನೂಲಿನಲ್ಲಿ ಅಕ್ರಿಲಿಕ್ ಬೆರೆತದ್ದೇ ಬಹಳ. ಅದರಿಂದ ದೋಷವೇನಿಲ್ಲ. ಶುದ್ಧ ಉಣ್ಣೆಯೇ ಬೇಕೆಂದರೆ ಕೊಳ್ಳುವ ಮೊದಲು ಕತ್ತಿನ ಬಳಿ ಉಜ್ಜಿ ನೋಡಿ. ಕಂಬಳಿ ಚುಚ್ಚುವಂತೆ ಚುಚ್ಚಿದರೆ ಅದು ಬಹುಮಟ್ಟಿಗೆ ಎಳೆಯ ದಪ್ಪದ ದೋಷ; ಅದನ್ನೇ ಅಲರ್ಜಿಯೆಂದು ಮಾತ್ರೆ ನುಂಗುವವರಿದ್ದಾರೆ. ಬಣ್ಣ ತಿಳಿಯಾಗಿರಲಿ. ನಲವತ್ತು ದಾಟಿದ ಕಣ್ಣಿಗೆ ಕಪ್ಪು, ಕಡುನೀಲಿ ನೂಲಿನ ಕುಣಿಕೆ ರಾತ್ರಿ ದೀಪದಲ್ಲಿ ಕಾಣುವುದಿಲ್ಲ. ಚಾಳೀಸಿನ ಕನ್ನಡಕ ಎರಡು ವರ್ಷ ಹಳೆಯದಾಗಿದ್ದರೆ ಮೊದಲು ಕಣ್ಣು ಪರೀಕ್ಷೆ, ಆಮೇಲೆ ಉಲ್ಲನ್ ಅಂಗಡಿ.

ಮೊಮ್ಮಗುವಿಗೆ ಹೆಣೆಯುವ ಅಜ್ಜಿಯರಿಗೆ ಇನ್ನೊಂದು ಮಾತು. ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನ ಪಕ್ಕಕ್ಕೆ ಚಳುಕು ಹೊಡೆಯುತ್ತಿದ್ದರೆ ಅದು ಕಾರ್ಪಲ್ ಟನಲ್ ಅಲ್ಲ, ಹೆಬ್ಬೆರಳಿನ ರಜ್ಜುಗಳ ಉರಿಯೂತ ಇರಬಹುದು. ಕಂಕುಳಿಗೆ ಕೈ ಹಾಕಿ ಮಗುವನ್ನು ಎತ್ತಿ ಎತ್ತಿ ಬಾಣಂತಿಯರಿಗೂ ಇದು ಬರುತ್ತದೆ. ಅಂಗೈಯನ್ನು ಮಗುವಿನ ಕೆಳಗೆ ಕೊಟ್ಟು ಎತ್ತುವುದನ್ನು ರೂಢಿಸಿಕೊಳ್ಳಿ.

ಪೀಣ್ಯದಲ್ಲೋ ವೈಟ್‌ಫೀಲ್ಡ್ ಕಡೆಯೋ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳ ಮಾತು ಬೇರೆ. ಎಂಟು ಗಂಟೆ ಹೊಲಿಗೆ ಯಂತ್ರದ ಮುಂದೆ ದುಡಿದ ಕೈಗೆ ರಾತ್ರಿ ಹೆಣಿಗೆ ವಿಶ್ರಾಂತಿಯಲ್ಲ. ನಿಮ್ಮ ಕಾರ್ಡಿಗನ್ ಭಾನುವಾರದ್ದಾಗಿರಲಿ. ಎರಡು ವರ್ಷ ಹಿಡಿದರೂ ಹಿಡಿಯಲಿ. ಕೈಗೆ ಜೋಮು ಹಿಡಿಯುತ್ತಿದ್ದರೆ ಅದನ್ನು ಮೇಲ್ವಿಚಾರಕರಿಗೆ ಹೆದರಿ ಮುಚ್ಚಿಡಬೇಡಿ. ಇಎಸ್‌ಐ ಕಾರ್ಡು ಇರುವುದು ಇಂಥದ್ದಕ್ಕೇ.

ಚಿಕಿತ್ಸೆ ಏನು? ಆರಂಭದಲ್ಲಿದ್ದರೆ ರಾತ್ರಿ ಮಲಗುವಾಗ ಮಣಿಕಟ್ಟನ್ನು ನೇರವಾಗಿ ಹಿಡಿದಿಡುವ ಸ್ಪ್ಲಿಂಟ್ ಎಂಬ ಪಟ್ಟಿಯನ್ನು ಆರು ವಾರದ ಮಟ್ಟಿಗೆ ಕಟ್ಟಿಕೊಂಡರೆ ಎಷ್ಟೋ ಜನರಿಗೆ ಗುಣ ಕಾಣುತ್ತದೆ. ಸಾಲದಿದ್ದರೆ ಚುಚ್ಚುಮದ್ದು, ಅದಕ್ಕೂ ಜಗ್ಗದಿದ್ದರೆ ಚಿಕ್ಕ ಶಸ್ತ್ರಚಿಕಿತ್ಸೆ. ಜೋಮು ಹಗಲಿಡೀ ಬಿಡದಿದ್ದರೆ, ಕೈಯಿಂದ ಲೋಟ ಜಾರುತ್ತಿದ್ದರೆ, ಹೆಬ್ಬೆರಳಿನ ಬುಡದ ಉಬ್ಬು ಸೊರಗಿದಂತೆ ಕಂಡರೆ ಮನೆಮದ್ದು, ಎಣ್ಣೆ ತಿಕ್ಕುವುದು ಎಂದು ಕಾಲ ಕಳೆಯಬೇಡಿ. ನರ ಒಣಗಿದ ಮೇಲೆ ಶಸ್ತ್ರಚಿಕಿತ್ಸೆ ಮಾಡಿದರೂ ಹೋದ ಬಲ ಪೂರ್ತಿ ಮರಳದಿರಬಹುದು.

ಆ ದಿನ ವರ್ತೂರಿನ ಮಹಿಳೆಗೆ ಥೈರಾಯ್ಡ್ ಮಾತ್ರೆ ಮತ್ತು ಸ್ಪ್ಲಿಂಟ್ ಬರೆದುಕೊಟ್ಟೆ. ಹೆಣಿಗೆ ದಿನಕ್ಕೆ 15 ನಿಮಿಷದಿಂದ ಶುರುವಾಗಲಿ ಎಂದೆ. ಡಿಸೆಂಬರಿಗೆ ಆಗುವುದಿಲ್ಲ, ಮುಗಿಯುವ ಹೊತ್ತಿಗೆ ಶಿವರಾತ್ರಿ ಬಂದು ಚಳಿ ಶಿವ ಶಿವಾ ಎಂದು ಹೊರಟಿರುತ್ತದೆ ಎಂದು ಲೆಕ್ಕ ತೋರಿಸಿದೆ. ‘ಇಪ್ಪತ್ತೈದು ವರ್ಷ ಕಾದಿದ್ದೀನಿ, ಇನ್ನೊಂದು ಚಳಿಗಾಲ ಹೆಚ್ಚೇನಲ್ಲ ಬಿಡಿ’ ಎಂದರು. ಮುಂದಿನ ಸಲ ಬರುವಾಗ ಯಜಮಾನರನ್ನೂ ಮಗನನ್ನೂ ಕರೆತರಲು ಹೇಳಿದ್ದೆ, ಬಂದರು. ಔಷಧಿಯ ಬಗ್ಗೆ ಎರಡು ನಿಮಿಷ, ಬೆಡ್‌ಶೀಟಿನ ಬಗ್ಗೆ ಹತ್ತು ನಿಮಿಷ ಮಾತಾಡಿದೆ. ಬೆಡ್‌ಶೀಟು ಈಗ ಯಂತ್ರಕ್ಕೆ ಬೀಳುತ್ತದೆ, ಕಾಯಿ ತುರಿಯುವುದು ಯಜಮಾನರು. ರಾತ್ರಿಯ ಮುದ್ದೆ ಮಗನ ಪಾಲಿಗೆ.

ಮೊನ್ನೆ ಬಂದಾಗ ಬೆನ್ನಿನ ಭಾಗ ಮುಗಿದಿತ್ತು, ಬೂದು ಬಣ್ಣದ ನೂಲು, ನಾಲ್ಕು ಜಡೆ. ಜೋಮು ವಾರಕ್ಕೊಮ್ಮೆ ಬಂದರೆ ಹೆಚ್ಚು ಎಂದರು. ಮುದ್ದೆ ಹೇಗಾಗುತ್ತಿದೆ ಎಂದು ಕೇಳಿದೆ. ‘ಗಂಟು ಗಂಟು ಡಾಕ್ಟ್ರೇ. ಸಾರು ಜಾಸ್ತಿ ಹಾಕ್ಕೊಂಡು ನುಂಗ್ತಾ ಇದೀವಿ.’