ಜೇನಿಲ್ಲದ ಅನುಪಾನ

ಕ್ರಿ.ಶ. ಒಂಬತ್ತನೆಯ ಶತಮಾನದಲ್ಲಿ ರಾಮಗಿರಿಯಲ್ಲಿದ್ದು ‘ಕಲ್ಯಾಣಕಾರಕ’ವೆಂಬ ಸಂಸ್ಕೃತ ವೈದ್ಯಗ್ರಂಥವನ್ನು ರಚಿಸಿದ ಉಗ್ರಾದಿತ್ಯಾಚಾರ್ಯರು ರೋಗ, ನಿದಾನ, ಚಿಕಿತ್ಸೆಗಳನ್ನು ಹೇಳಿ ಮುಗಿಸಿ ಅಲ್ಲಿಗೇ ನಿಲ್ಲಲಿಲ್ಲ. 25 ಪರಿಚ್ಛೇದಗಳ ಅನಂತರ ‘ಹಿತಾಹಿತ’ವೆಂಬ ಪ್ರಕರಣವೊಂದನ್ನು ಸೇರಿಸಿದರು. ಮಾಂಸವು ಆಹಾರವಾಗಿಯಷ್ಟೇ ಅಲ್ಲ, ಔಷಧವಾಗಿಯೂ ನಿಷ್ಪ್ರಯೋಜಕವೆಂಬುದು ಅದರ ಪ್ರತಿಪಾದ್ಯ. ನೃಪತುಂಗ ವಲ್ಲಭನ ಸಭೆಯಲ್ಲಿ, ವೈದ್ಯರೂ ವಿದ್ವಾಂಸರೂ ನೆರೆದಿದ್ದಲ್ಲಿ ಮಂಡಿಸಿದ ವಾದವಿದೆಂದು ಗ್ರಂಥವೇ ಹೇಳಿಕೊಳ್ಳುತ್ತದೆ. ‘ಕವಿರಾಜಮಾರ್ಗ’ದ ಮೂಲಕ ಮಾತ್ರ ನೃಪತುಂಗನನ್ನು ಬಲ್ಲ ಕನ್ನಡದ ವಿದ್ಯಾರ್ಥಿ ಇದನ್ನು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಕಾವ್ಯದಲ್ಲಿ ಯಾವುದು ದೋಷ, ಯಾವುದು ಗುಣವೆಂದು ವಿಚಾರಿಸಿದ ಆಸ್ಥಾನವೇ ರೋಗಿಯ ಬಟ್ಟಲಿನಲ್ಲಿ ಯಾವುದು ದೋಷವೆಂಬ ಚರ್ಚೆಗೂ ಕಿವಿಗೊಟ್ಟಿತ್ತು.

ಉಗ್ರಾದಿತ್ಯರ ಎದುರಾಳಿಗಳು ಹಿಂಸೆಯ ಪಕ್ಷಪಾತಿಗಳೇನೂ ಆಗಿರಲಿಲ್ಲ. ಪ್ರಾಣವನ್ನು ವರ್ಧಿಸುವ ಸಂಗತಿಗಳಲ್ಲೆಲ್ಲ ಅಹಿಂಸೆಯೇ ಶ್ರೇಷ್ಠವೆಂದು ಚರಕಸಂಹಿತೆಯ ಸೂತ್ರಸ್ಥಾನದ 30ನೆಯ ಅಧ್ಯಾಯ ಸಾರುತ್ತದೆ. ವಾಗ್ಭಟನು ‘ಅಷ್ಟಾಂಗಹೃದಯ’ದ ದಿನಚರ್ಯೆಯಲ್ಲಿ ಹಲ್ಲುಜ್ಜುವ ಕಡ್ಡಿ, ಎಣ್ಣೆಯ ಅಭ್ಯಂಗ, ವ್ಯಾಯಾಮ, ಸ್ನಾನಗಳನ್ನು ವಿಧಿಸುತ್ತ, ಅದೇ ಉಸಿರಿನಲ್ಲಿ ಹುಳುವನ್ನೂ ಇರುವೆಯನ್ನೂ ತನ್ನಂತೆಯೇ ಕಾಣಬೇಕೆಂದು ಹೇಳುತ್ತಾನೆ. ಆದರೆ ರಾಜಯಕ್ಷ್ಮದ ಪ್ರಕರಣಕ್ಕೆ ಬಂದೊಡನೆ ಇಬ್ಬರೂ ಮಾಂಸರಸವನ್ನು ಸೂಚಿಸುತ್ತಾರೆ. ಅವರಿಗೆ ಇದರಲ್ಲಿ ವಿರೋಧ ಕಾಣಲಿಲ್ಲ. ಸ್ವಸ್ಥನು ಪಾಲಿಸಬೇಕಾದ ನಡತೆ ಬೇರೆ, ಆತುರನ ಪ್ರಾಣವನ್ನು ಉಳಿಸುವ ಉಪಾಯ ಬೇರೆ. ವೈದ್ಯನ ಹೊಣೆ ಎರಡನೆಯದು. ಈ ನಿಲುವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಕ್ಷಯದಿಂದ ಕೃಶನಾದವನ ಪಕ್ಕದಲ್ಲಿ ಕುಳಿತ ವೈದ್ಯನಿಗೆ ಕೈಗೆಟುಕಿದ ದ್ರವ್ಯವನ್ನು ಬಿಡುವುದು ಸುಲಭವಲ್ಲ.

ಉಗ್ರಾದಿತ್ಯರು ಒಪ್ಪದೆ ಹೋದದ್ದು ಈ ವಿಭಜನೆಯನ್ನೇ. ಜೈನರು ವೈದ್ಯವನ್ನು ‘ಪ್ರಾಣಾವಾಯ’ವೆಂಬ ಪೂರ್ವದಲ್ಲಿ ಅಡಕವಾಗಿದ್ದ ವಿದ್ಯೆಯೆಂದು ಗಣಿಸುತ್ತಾರೆ, ಹದಿನಾಲ್ಕು ಪೂರ್ವಗಳಲ್ಲಿ ಅದೂ ಒಂದು. ಆಗಮದ ಅಂಗವಾದ ವಿದ್ಯೆಗೆ ಆಗಮದ ಮೂಲವ್ರತವನ್ನು ಮೀರುವ ಅಧಿಕಾರವೆಲ್ಲಿಯದು? ಈ ಪ್ರಶ್ನೆ ಎದ್ದೊಡನೆ ಪಥ್ಯವೆಂಬ ಶಬ್ದದ ಅರ್ಥ ಹಿಗ್ಗುತ್ತದೆ. ರೋಗಿಯ ದೇಹಕ್ಕೆ ಒಗ್ಗುವುದೆಲ್ಲ ಪಥ್ಯವಾಗದು. ಯಾರ ಪ್ರಾಣವನ್ನು ತೆತ್ತು ಅದು ದೊರೆಯಿತೆಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ. ಭಾರತೀಯ ವೈದ್ಯದ ಇತಿಹಾಸದಲ್ಲಿ ಇಷ್ಟು ನೇರವಾಗಿ ಈ ಮಾತನ್ನು ಶಾಸ್ತ್ರದೊಳಗೇ ತಂದವರು ವಿರಳ.

ಮಾಂಸವನ್ನು ಬಿಡುವುದು ವೈದ್ಯನಿಗೆ ದೊಡ್ಡ ತೊಡಕಲ್ಲ. ಹಾಲು, ತುಪ್ಪ, ಧಾನ್ಯ, ಕಾಳುಗಳಲ್ಲಿ ಬೃಂಹಣದ್ರವ್ಯಗಳು ಬೇಕಾದಷ್ಟಿವೆ. ನಿಜವಾದ ತೊಡಕು ಜೇನು. ಆಯುರ್ವೇದದಲ್ಲಿ ಜೇನು ಬರಿಯ ಸಿಹಿಯಲ್ಲ, ಯೋಗವಾಹಿ. ಯಾವ ದ್ರವ್ಯದೊಡನೆ ಬೆರೆಯುತ್ತದೆಯೋ ಅದರ ಗುಣವನ್ನು ಹೊತ್ತೊಯ್ಯುವ ಶಕ್ತಿ ಅದಕ್ಕುಂಟು ಎಂಬುದು ನಂಬುಗೆ. ಚೂರ್ಣಗಳಿಗೆ ಅದೇ ಅನುಪಾನ, ಲೇಹಗಳಿಗೆ ಅದೇ ಕೊನೆಯ ಸಂಸ್ಕಾರ. ಜೇನನ್ನು ಬಿಟ್ಟವನಿಗೆ ಬೆಲ್ಲವೋ ಸಕ್ಕರೆಯೋ ಉಳಿಯುತ್ತದೆ ಎನ್ನಬಹುದು. ಆದರೆ ಜೇನು ರೂಕ್ಷ, ಲೇಖನ, ಕಫಹರ. ಬೆಲ್ಲವೋ ಕಫವನ್ನು ಹೆಚ್ಚಿಸುವಂಥದು. ಕೆಮ್ಮಿನ ಔಷಧದಲ್ಲಿ ಒಂದರ ಬದಲು ಮತ್ತೊಂದನ್ನು ಹಾಕಿದರೆ ಯೋಗದ ದಿಕ್ಕೇ ಬದಲಾದೀತು. ಆದುದರಿಂದ ಜೇನಿನ ತ್ಯಾಗವೆಂದರೆ ಒಂದು ಪದಾರ್ಥವನ್ನು ತೆಗೆದುಹಾಕುವುದಲ್ಲ, ಇಡೀ ಯೋಗವನ್ನು ಮತ್ತೊಮ್ಮೆ ತೂಗಿನೋಡುವುದು. ಜೈನ ವೈದ್ಯವನ್ನು ‘ಮದ್ಯ ಮಾಂಸ ಮಧುಗಳಿಲ್ಲದ ಆಯುರ್ವೇದ’ವೆಂದು ಒಂದೇ ಸಾಲಿನಲ್ಲಿ ಮುಗಿಸುವ ಸಾಹಿತ್ಯಚರಿತ್ರೆಗಳು ಆ ತೂಗುವಿಕೆಯ ಶ್ರಮವನ್ನು ಕಾಣದೆ ಹೋಗಿವೆ.

ಶ್ರಾವಕನ ಅಷ್ಟಮೂಲಗುಣಗಳನ್ನು ಎಣಿಸುವ ಒಂದು ಸಂಪ್ರದಾಯದಲ್ಲಿ ಈ ಮೂರು ಮಕಾರಗಳ ತ್ಯಾಗದೊಡನೆ ಐದು ಉದುಂಬರ ಫಲಗಳ ತ್ಯಾಗವೂ ಸೇರಿದೆ. ಅತ್ತಿ, ಆಲ, ಅರಳಿ, ಬಸರಿಗಳ ಹಣ್ಣನ್ನು ಸೀಳಿದರೆ ಒಳಗೆ ಹುಳುಗಳು ಕಾಣುತ್ತವೆಂಬುದು ಹಳ್ಳಿಯ ಮಕ್ಕಳಿಗೂ ತಿಳಿದ ಸಂಗತಿ. ಕುತೂಹಲವೆಂದರೆ ಈ ಮರಗಳ ತೊಗಟೆಯೇ ವೈದ್ಯನ ಪಂಚವಲ್ಕಲ; ವ್ರಣವನ್ನು ತೊಳೆಯಲು ಅದರ ಕಷಾಯಕ್ಕೆ ಸಾಟಿಯಿಲ್ಲವೆಂದು ಪ್ರಸಿದ್ಧಿ. ಹಣ್ಣು ವರ್ಜ್ಯ, ತೊಗಟೆ ಗ್ರಾಹ್ಯ! ಅಂತೆಯೇ ಹಸಿಶುಂಠಿ ಅನಂತಕಾಯವೆಂದು ಬಿಟ್ಟ ಮನೆಯಲ್ಲಿ ಒಣಶುಂಠಿಗೆ ಅಡ್ಡಿಯಿಲ್ಲ. ವಾಗ್ಭಟನು ರಸಾಯನಾಧ್ಯಾಯದಲ್ಲಿ ಮನಸಾರೆ ಹೊಗಳಿದ ಬೆಳ್ಳುಳ್ಳಿಗಂತೂ ಇಲ್ಲಿ ಪ್ರವೇಶವೇ ಇಲ್ಲ. ಗಿಡಮೂಲಿಕೆಗಳ ಪಟ್ಟಿ ಒಂದೇ ಆದರೂ ಅದರ ಮೇಲೆ ಎಳೆದ ಗೆರೆಗಳು ಬೇರೆ. ಆ ಗೆರೆಗಳು ರೋಗಶಾಸ್ತ್ರದಿಂದ ಬಂದವಲ್ಲ, ಜೀವವಿಚಾರದಿಂದ ಬಂದವು.

ಇಂದು ಈ ಪರಂಪರೆಯನ್ನು ಕೊಂಡಾಡುವವರು ಬಹುಮಟ್ಟಿಗೆ ಕಳೆದುಕೊಂಡಿರುವುದು ಈ ವಿವೇಕವನ್ನೇ. ಸೂರ್ಯಾಸ್ತದ ಮುನ್ನ ಉಣ್ಣುವುದು ಜೀರ್ಣಶಕ್ತಿಗೆ ಒಳ್ಳೆಯದು, ಕಾಯಿಸಿ ಸೋಸಿದ ನೀರಿನಿಂದ ರೋಗಾಣುಗಳು ಬಾರವು, ಉಪವಾಸದಿಂದ ದೇಹ ಹಗುರಾಗುತ್ತದೆ. ಆದುದರಿಂದ ಜೈನಾಚಾರವೆಲ್ಲ ವೈಜ್ಞಾನಿಕವೆಂಬ ಮಾತು ಭಾಷಣಗಳಲ್ಲಿಯೂ ಸ್ಮರಣಸಂಚಿಕೆಗಳಲ್ಲಿಯೂ ಬಂದು ಬಂದು ಸವೆದಿದೆ. ಈ ಲಾಭಗಳು ಸುಳ್ಳೆಂದಲ್ಲ. ಆದರೆ ರಾತ್ರಿಭೋಜನತ್ಯಾಗ ಹುಟ್ಟಿದ್ದು ದೀಪದ ಬೆಳಕಿಗೆ ಬಂದು ಅನ್ನದಲ್ಲಿ ಬೀಳುವ ಕ್ಷುದ್ರಜೀವಿಗಳ ಮೇಲಿನ ದಯೆಯಿಂದ. ಆಯುರ್ವೇದದ ಉಷ್ಣೋದಕ ಅಗ್ನಿಯನ್ನು ದೀಪನಗೊಳಿಸಲು ಕಾದದ್ದು. ಮುನಿಯ ಪ್ರಾಸುಕಜಲ ಅಚಿತ್ತವಾಗಲೆಂದು ಕಾದದ್ದು. ನೀರು ಒಂದೇ, ಒಲೆಯೂ ಒಂದೇ, ಕಾಯಿಸುವವನ ಮನಸ್ಸು ಬೇರೆ. ವ್ರತವನ್ನು ಆರೋಗ್ಯಸೂತ್ರವಾಗಿ ತಿದ್ದಿದರೆ, ನಾಳೆ ಯಾವುದಾದರೂ ಪರೀಕ್ಷೆಯಲ್ಲಿ ಲಾಭ ಸಿದ್ಧವಾಗದಿದ್ದಾಗ ವ್ರತಕ್ಕೂ ಆಧಾರ ತಪ್ಪುತ್ತದೆ. ಉಗ್ರಾದಿತ್ಯರು ಕೂಡ ಮಾಂಸದ ನಿಷ್ಪ್ರಯೋಜಕತೆಯನ್ನು ವೈದ್ಯದ ನೆಲೆಯಲ್ಲಿ ಸಾಧಿಸಹೊರಟರಲ್ಲವೇ ಎಂದು ಕೇಳಬಹುದು. ಹೌದು, ಆದರೆ ಅದು ವೈದ್ಯಸಭೆಗೆ ಅವರದೇ ಭಾಷೆಯಲ್ಲಿ ಕೊಟ್ಟ ಉತ್ತರ. ಆ ವಾದವೊಂದೇ ಅವರ ಆಧಾರವಾಗಿರಲಿಲ್ಲ.

ಕನ್ನಡಕ್ಕೆ ಬಂದರೆ ಈ ಧಾರೆ ಸಮೃದ್ಧವಾಗಿದೆ. ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥನು ಪೂಜ್ಯಪಾದರ ‘ಕಲ್ಯಾಣಕಾರಕ’ವನ್ನು ಕನ್ನಡಿಸಿದನು. ಚಾಳುಕ್ಯ ರಾಜಕುಮಾರನಾದ ಕೀರ್ತಿವರ್ಮನು ದನಕರುಗಳ ರೋಗಗಳನ್ನು ಕುರಿತು ‘ಗೋವೈದ್ಯ’ವನ್ನು ಬರೆದನು. ವಿಜಯನಗರದ ಆರಂಭಕಾಲದ ಮಂಗರಾಜನ ‘ಖಗೇಂದ್ರಮಣಿದರ್ಪಣ’ವು ಸ್ಥಾವರ, ಜಂಗಮ ವಿಷಗಳೆರಡನ್ನೂ ಕುರಿತದ್ದು. ಸ್ಥಾವರವಿಷವೆಂಬ ಒಂದು ವಿಭಾಗವೇ ಇದೆಯೆಂಬುದನ್ನು, ಗಿಡದಿಂದ ಬಂದದ್ದೆಲ್ಲ ನಿರುಪದ್ರವಿಯೆಂದು ಭಾವಿಸುವ ಇಂದಿನ ಮನೆಮದ್ದಿನ ಉತ್ಸಾಹಿಗಳು ಗಮನಿಸಬೇಕು. 2021ರಲ್ಲಿ ಮುಂಬಯಿಯ ವೈದ್ಯರು ಅಮೃತಬಳ್ಳಿಯನ್ನು ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಹಾನಿಯಾದುದನ್ನು ವರದಿ ಮಾಡಿದರು. ಬಳಸಿದ ಗಿಡ ಅಮೃತಬಳ್ಳಿಯೇ ಅಥವಾ ಅದನ್ನೇ ಹೋಲುವ ಇನ್ನೊಂದು ಜಾತಿಯೇ ಎಂಬ ವಿವಾದವೆದ್ದಿತು. ಆಯುಷ್ ಸಚಿವಾಲಯ ಆ ವರದಿಯನ್ನು ಒಪ್ಪಲಿಲ್ಲ. ವಿವಾದದ ತಿರುಳು ಮಾತ್ರ ಸಾಹಿತ್ಯದ ವಿದ್ಯಾರ್ಥಿಗೆ ಚಿರಪರಿಚಿತವಾದುದು: ಈ ಹೆಸರು ಯಾವ ವಸ್ತುವನ್ನು ಸೂಚಿಸುತ್ತದೆ?

ಬ್ರಾಹ್ಮಿಯೆಂದರೆ ಕನ್ನಡದಲ್ಲಿ ಬಹುಜನರಿಗೆ ಒಂದೆಲಗ. ಕೇರಳದ ವೈದ್ಯನಿಗೆ ನೀರಿನಂಚಿನಲ್ಲಿ ಹಬ್ಬುವ, ದಪ್ಪ ಸಣ್ಣೆಲೆಯ ಬೇರೆಯೇ ಗಿಡ. ಬಜೆಯನ್ನು ಜೇನಿನಲ್ಲಿ ತೇಯ್ದು ಹಸುಗೂಸಿನ ನಾಲಗೆಗೆ ಸವರುವ ರೂಢಿ ಅನೇಕ ಮನೆಗಳಲ್ಲಿದೆ. ಅದೇ ಬಜೆಯನ್ನು, ಅದರಲ್ಲಿರುವ ಆಸರೋನ್ ಅಂಶದ ಕಾರಣ, ಅಮೆರಿಕವು 1968ರಲ್ಲಿ ಆಹಾರದಲ್ಲಿ ಬಳಸದಂತೆ ನಿಷೇಧಿಸಿತು. ವೈದ್ಯಗ್ರಂಥಗಳೂ ಬಜೆಗೆ ಶೋಧನಕ್ರಮವನ್ನು ಹೇಳುತ್ತವೆ. ಆದರೆ ರೂಢಿ ಶೋಧನೆಯನ್ನು ಮರೆತು ತೇಯುವುದನ್ನು ಮಾತ್ರ ಉಳಿಸಿಕೊಂಡಿದೆ. ಒಂದು ವರ್ಷ ತುಂಬದ ಶಿಶುವಿಗೆ ಜೇನು ಕೂಡದೆಂದು ಇಂದಿನ ಮಕ್ಕಳ ವೈದ್ಯರು ಎಚ್ಚರಿಸುವುದು ಬೊಟುಲಿಸಂ ಎಂಬ ವಿಷಬಾಧೆಯ ಭಯದಿಂದ. ಇದನ್ನು ಹಿಡಿದುಕೊಂಡು ಜೈನಾಚಾರ್ಯರು ಸಾವಿರ ವರ್ಷಗಳ ಹಿಂದೆಯೇ ಅದನ್ನು ಬಲ್ಲವರಾಗಿದ್ದರೆಂದು ಹೊರಟರೆ ಮತ್ತೆ ಅದೇ ಪ್ರಮಾದ. ಅವರು ಜೇನನ್ನು ಬಿಟ್ಟದ್ದು ಹುಳುವಿಗಾಗಿ, ಕೂಸಿಗಾಗಿ ಅಲ್ಲ.

ಹೀಗಿರುವಾಗ ವೈದ್ಯದ ಹಸ್ತಪ್ರತಿಗಳನ್ನು ಕೇವಲ ಭಾಷಾಶಾಸ್ತ್ರದ, ಛಂದಸ್ಸಿನ ಆಕರಗಳೆಂದು ಸಂಪಾದಿಸುವ ಪದ್ಧತಿ ಸಾಲದು. ಕಾವ್ಯದಲ್ಲಿ ಒಂದು ಪಾಠಾಂತರ ತಪ್ಪಿದರೆ ರಸಭಂಗವಾದೀತು. ವೈದ್ಯದಲ್ಲಿ ಮೂಲಿಕೆಯ ಹೆಸರಿನ ಒಂದಕ್ಷರ ತಪ್ಪಿದರೆ ವಿಷವಾದೀತು. ಸಂಸ್ಕೃತ ಔಷಧನಾಮಗಳಿಗೆ ಕನ್ನಡದ ಹೆಸರುಗಳನ್ನು ಕೊಡುವ ನಿಘಂಟುವನ್ನು ಅಮೃತನಂದಿ ರಚಿಸಿದ್ದಾನೆ. ಆ ಹೆಸರುಗಳು ಇಂದಿಗೂ ಮಲೆನಾಡು, ಬಯಲುಸೀಮೆ, ಕರಾವಳಿಗಳಲ್ಲಿ ಯಾವ ಯಾವ ಗಿಡಕ್ಕೆ ಸಲ್ಲುತ್ತಿವೆಯೆಂದು ಸಸ್ಯಶಾಸ್ತ್ರಜ್ಞನ ಜೊತೆಗೂಡಿ ನಡೆದು ನೋಡಬೇಕಾದ ಕೆಲಸ ಕನ್ನಡ ವಿಭಾಗಗಳದು. ವೈದ್ಯಪೀಠಗಳಿಗೆ ಹಳಗನ್ನಡ ಬಾರದು. ಕನ್ನಡಪೀಠಗಳಿಗೆ ಗಿಡ ಗೊತ್ತಿಲ್ಲ. ನಡುವೆ ಗ್ರಂಥಗಳು ಹುಳುವಿಗೆ ಆಹಾರವಾಗುತ್ತಿವೆ.

ಎಲ್ಲಿಂದ ಆರಂಭಿಸಬೇಕೆಂದು ಕೇಳುವ ಸಂಶೋಧಕನಿಗೆ ಅಳಲೆಕಾಯಿ ಒಳ್ಳೆಯ ಆರಂಭ. ಹದಿನಾರನೆಯ ಶತಮಾನದ ‘ಭಾವಪ್ರಕಾಶ’ದಲ್ಲಿ ಅದನ್ನು ಆರು ಋತುಗಳಲ್ಲಿ ಆರು ಸಹಪಾನಗಳೊಡನೆ ಸೇವಿಸುವ ಕ್ರಮವಿದೆ: ಮಳೆಗಾಲದಲ್ಲಿ ಸೈಂಧವಲವಣ, ಶರತ್ತಿನಲ್ಲಿ ಸಕ್ಕರೆ, ಹೇಮಂತದಲ್ಲಿ ಒಣಶುಂಠಿ, ಶಿಶಿರದಲ್ಲಿ ಹಿಪ್ಪಲಿ, ವಸಂತದಲ್ಲಿ ಜೇನು, ಗ್ರೀಷ್ಮದಲ್ಲಿ ಬೆಲ್ಲ. ಐದು ಋತುಗಳ ಮಟ್ಟಿಗೆ ಜೈನ ಗೃಹಸ್ಥನಿಗೆ ಯಾವ ತೊಡಕೂ ಇಲ್ಲ. ವಸಂತವೋ ಕಫ ಕರಗಿ ಕೆರಳುವ ಕಾಲ. ಬೆಲ್ಲವೂ ಸಕ್ಕರೆಯೂ ಅಲ್ಲಿ ಸಲ್ಲವು. ಆ ಎರಡು ತಿಂಗಳು ಅಳಲೆಯ ಪುಡಿಯೊಡನೆ ಜೈನ ವೈದ್ಯನು ಏನನ್ನು ಬೆರೆಸಿ ಕೊಟ್ಟ, ಅಥವಾ ಏನನ್ನೂ ಬೆರೆಸದೆ ಕೊಟ್ಟನೋ, ಮೂಡುಬಿದಿರೆ, ಶ್ರವಣಬೆಳಗೊಳ, ಹುಂಚದ ಓಲೆಗರಿಗಳಲ್ಲಿ ಹುಡುಕಿ ನೋಡಬೇಕಾದುದು ಅದನ್ನು.